ತೋಳದ ಲೆಕ್ಕ, ಕಾಡಿನ ಬಾಕಿ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಸದ್ದಿನಿಂದ ಶುರು ಮಾಡುತ್ತೇನೆ. ಬೆರಳಿನ ನೆಟಿಗೆ ಮುರಿದಾಗ ಟಿಕ್ ಅನ್ನುತ್ತದಲ್ಲ, ಅಂಥ ಸದ್ದು. ಕ್ಯಾರಿಬೂ ಅನ್ನುವ ಪ್ರಾಣಿ ನಡೆಯುವಾಗ ಅದರ ಕಾಲಿನಿಂದ ಈ ಸದ್ದು ಬರುತ್ತದೆ. ಪಾದದ ಮೂಳೆಯ ಮೇಲೆ ಸ್ನಾಯುವಿನ ಹುರಿ ಜಾರಿ ಆಗುವ ಸದ್ದು ಅದು. ಹಿಂಡು ನಡೆದರೆ ಟಿಕ್ ಟಿಕ್ ಟಿಕ್ ಅಂತ ಕೇಳುತ್ತಲೇ ಇರುತ್ತದೆ.

ಶಾಲೆಯ ಪುಸ್ತಕದಲ್ಲಿ ಹಿಮಸಾರಂಗ ಅಂತ ಓದಿರುತ್ತೀರಿ. ಅದೇ ಜಾತಿ. ಉತ್ತರ ಅಮೆರಿಕದಲ್ಲಿ ಅದಕ್ಕೆ ಕ್ಯಾರಿಬೂ ಅನ್ನುತ್ತಾರೆ. ಕೆನಡಾದ 25 ಸೆಂಟ್ ನಾಣ್ಯದ ಮೇಲೆ 1937ರಿಂದ ಇದರದೇ ಮುಖ. ಟೊರೊಂಟೊದಲ್ಲೋ ವ್ಯಾಂಕೂವರಿನಲ್ಲೋ ನಿಮ್ಮ ಮಗಳು, ಅಳಿಯ ಇದ್ದರೆ, ಅವರ ಜೇಬಿನಲ್ಲಿ ಒಂದಾದರೂ ಕ್ಯಾರಿಬೂ ಇದ್ದೇ ಇರುತ್ತದೆ.

ಬೆಟ್ಟದ ಮೇಲೆ ಮಾತ್ರ ಇಲ್ಲವಾಗುತ್ತಿದೆ. ಕೆನಡಾದ ಪಶ್ಚಿಮದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ದಕ್ಷಿಣದ ತುದಿಯಲ್ಲಿ, ಅಮೆರಿಕದ ಗಡಿಯ ಆಚೀಚೆ ಓಡಾಡಿಕೊಂಡಿದ್ದ ಸೌತ್ ಸೆಲ್ಕರ್ಕ್ ಹಿಂಡನ್ನೇ ನೋಡಿ. 2014ರಲ್ಲಿ ಅದರಲ್ಲಿ 18 ಪ್ರಾಣಿಗಳಿದ್ದವು. 2018ರಲ್ಲಿ ಎಣಿಸಿದಾಗ ಸಿಕ್ಕಿದ್ದು ಮೂರು. ಮೂರೂ ಹೆಣ್ಣು. 2019ರ ಜನವರಿಯಲ್ಲಿ ಉಳಿದ ಒಂದನ್ನು ಹಿಡಿದು, ದೂರದ ರೆವೆಲ್‌ಸ್ಟೋಕ್ ಹತ್ತಿರದ ಆವರಣಕ್ಕೆ ಸಾಗಿಸಿದರು. ಅಲ್ಲಿಗೆ ಆ ಬೆಟ್ಟದಲ್ಲಿ ಕ್ಯಾರಿಬೂ ಮುಗಿಯಿತು.

ತಿಂದಿದ್ದು ಯಾರು? ಹೆಚ್ಚಿನ ಕಡೆ ತೋಳ. ಆದರೆ ತೋಳವೂ ಕ್ಯಾರಿಬೂವೂ ಸಾವಿರಾರು ವರ್ಷ ಒಂದೇ ಸೀಮೆಯಲ್ಲಿ ಬಾಳಿವೆ. ಈಗಲೇ ಯಾಕೆ ಹೀಗಾಯಿತು ಅನ್ನುವುದು ಮುಖ್ಯ.

ಬೆಟ್ಟದ ಕ್ಯಾರಿಬೂ ಬದುಕುವ ಉಪಾಯ ಬಹಳ ಚಂದ. ಚಳಿಗಾಲ ಬಂದರೆ ಬೇರೆ ಪ್ರಾಣಿಗಳೆಲ್ಲ ಕಣಿವೆಗೆ ಇಳಿಯುತ್ತವೆ. ಇದು ಮೇಲಕ್ಕೆ ಹತ್ತುತ್ತದೆ. ಅಲ್ಲಿ ಎರಡು ಮೂರು ಮೀಟರ್ ಹಿಮ ಬಿದ್ದಿರುತ್ತದೆ. ಇದರ ಗೊರಸು ತಟ್ಟೆಯ ಹಾಗೆ ಅಗಲ, ಹೂತುಹೋಗುವುದಿಲ್ಲ. ಹಿಮವೇ ಏಣಿ. ಅದರ ಮೇಲೆ ನಿಂತು, ಬೇಸಿಗೆಯಲ್ಲಿ ಎಟುಕದ ಕೊಂಬೆಗೆ ಬಾಯಿ ಹಾಕುತ್ತದೆ. ಆ ಕೊಂಬೆಗಳಿಂದ ಗಡ್ಡದ ಹಾಗೆ ಜೋತಾಡುವ ಕಲ್ಲುಹೂವೇ ಅದರ ಊಟ. ನಮ್ಮ ಮಸಾಲೆಗೆ ಹಾಕುತ್ತೇವಲ್ಲ ಕಲ್ಲುಹೂವು, ಅದೇ ಬಳಗದ್ದು. ಬರೀ ಇದನ್ನು ತಿಂದು ಚಳಿಗಾಲ ಕಳೆಯುತ್ತದೆ ಅಂದರೆ ನಂಬುವುದು ಕಷ್ಟ, ಅಲ್ವಾ? ಆದರೆ ಆ ಎತ್ತರಕ್ಕೆ, ಆ ಹಿಮಕ್ಕೆ ತೋಳ ಬರುತ್ತಿರಲಿಲ್ಲ. ಬಡ ಊಟ, ನಿಶ್ಚಿಂತೆಯ ಮನೆ.

ಈ ಕಲ್ಲುಹೂವು ಎಳೆಯ ಮರದಲ್ಲಿ ಹೊಟ್ಟೆ ತುಂಬುವಷ್ಟು ಬೆಳೆಯುವುದಿಲ್ಲ. ಮರಕ್ಕೆ ನೂರು ವರ್ಷವಾದರೂ ವಯಸ್ಸಾಗಬೇಕು. ನಾಟಾಕ್ಕೆ ಬೆಲೆ ಬರುವುದೂ ಅಂಥ ಮರಕ್ಕೇ.

ಹಳೆ ಕಾಡು ಕಡಿದ ಜಾಗದಲ್ಲಿ ಬಿಸಿಲು ಬಿದ್ದು ಹುಲ್ಲು, ಪೊದೆ, ಚಿಗುರು ಬರುತ್ತದೆ. ಅದನ್ನು ಮೇಯಲು ಜಿಂಕೆ ಬರುತ್ತದೆ, ಮೂಸ್ ಬರುತ್ತದೆ. ಮೂಸ್ ಅಂದರೆ ಕುದುರೆಯಷ್ಟು ದೊಡ್ಡ ಕಡವೆ ಅಂದುಕೊಳ್ಳಿ. ಮಾಂಸ ಜಾಸ್ತಿಯಾದ ಕಡೆ ತೋಳವೂ ಜಾಸ್ತಿ. ಇದು ನಮ್ಮ ಕೊಪ್ಪಳದ ಬಯಲಿನ ಸಣಕಲು ತೋಳ ಅಲ್ಲ, ತೂಕದಲ್ಲಿ ಅದರ ಎರಡರಷ್ಟು ಬರುತ್ತದೆ. ಜೊತೆಗೆ ತೈಲ, ಅನಿಲ ಹುಡುಕುವವರು ಕಾಡಿಗೆ ಬೈತಲೆ ತೆಗೆದ ಹಾಗೆ ಮೈಲುಗಟ್ಟಲೆ ನೇರ ದಾರಿ ಕಡಿದಿದ್ದಾರೆ. ಲಾರಿಗಾಗಿ ರಸ್ತೆ ಮಾಡಿದ್ದಾರೆ. ಪೊದೆಯಲ್ಲಿ ನುಗ್ಗಿ ನಡೆಯಬೇಕಾದ ತೋಳಕ್ಕೆ ಇದು ಹೆದ್ದಾರಿ. ಹೊಟ್ಟೆ ತುಂಬಿಸುವುದು ಮೂಸ್, ದಾರಿಯಲ್ಲಿ ಸಿಕ್ಕಿದ್ದು ಕ್ಯಾರಿಬೂ. ಕ್ಯಾರಿಬೂ ವರ್ಷಕ್ಕೆ ಹೆರುವುದು ಒಂದೇ ಮರಿ. ತೋಳ ಒಂದು ಸೂಲಿಗೆ ನಾಲ್ಕು, ಐದು, ಆರು ಮರಿ ಹಾಕುತ್ತದೆ.

ಅದಕ್ಕೇ ಬ್ರಿಟಿಷ್ ಕೊಲಂಬಿಯಾದ ಸರ್ಕಾರ 2015ರ ಚಳಿಗಾಲದಿಂದ ಕೆಲವು ಹಿಂಡುಗಳ ಸೀಮೆಯಲ್ಲಿ ತೋಳಗಳನ್ನು ಕೊಲ್ಲಿಸುತ್ತಿದೆ. ಪಕ್ಕದ ಆಲ್ಬರ್ಟಾದಲ್ಲಿ ಇದು 2005ರಲ್ಲೇ ಶುರುವಾಗಿತ್ತು. ಅಲ್ಲಿ ವಿಷವನ್ನೂ ಇಟ್ಟರು. ಬ್ರಿಟಿಷ್ ಕೊಲಂಬಿಯಾದಲ್ಲಿ ಹೆಲಿಕಾಪ್ಟರ್‌ನಿಂದ ಗುಂಡು. ಒಂದು ತೋಳವನ್ನು ಹಿಡಿದು ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಡುತ್ತಾರೆ. ಅದು ತನ್ನ ಗುಂಪು ಸೇರುತ್ತದೆ. ಪಟ್ಟಿಯ ಸದ್ದು ಹಿಡಿದು ಹೆಲಿಕಾಪ್ಟರ್ ಬರುತ್ತದೆ. ಬಿಳಿ ಹಿಮದ ಮೇಲೆ ಅಡಗಲು ಜಾಗ ಇರುವುದಿಲ್ಲ. ಗುಂಪನ್ನು ಹೊಡೆದು, ಪಟ್ಟಿಯ ತೋಳವನ್ನು ಉಳಿಸುವುದೂ ಉಂಟು, ಮುಂದಿನ ಗುಂಪನ್ನು ತೋರಿಸಲಿ ಅಂತ. ಒಂಟಿ ತೋಳ ಜೊತೆ ಹುಡುಕಿಕೊಂಡು ಹೋಗುವುದು ಅದರ ಸ್ವಭಾವ. ಆ ಸ್ವಭಾವವನ್ನೇ ಬಳಸಿಕೊಳ್ಳುವ ಕೆಲಸ ಇದು. ಇದನ್ನು ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಆದರೂ ಇದನ್ನು ಸುಮ್ನೆ ಕ್ರೌರ್ಯ ಅಂತ ತಳ್ಳಿಹಾಕಲು ನನಗೆ ಆಗುವುದಿಲ್ಲ. ಅಂಕಿ ಬೇರೆಯದೇ ಹೇಳುತ್ತದೆ. ಈ ಎರಡು ಪ್ರಾಂತ್ಯಗಳ ದಕ್ಷಿಣದ ಬೆಟ್ಟಸಾಲಿನ ಕ್ಯಾರಿಬೂ, ಎಲ್ಲ ಹಿಂಡು ಸೇರಿ, 1991ರಿಂದ 2023ರೊಳಗೆ ಸುಮಾರು ಅರ್ಧಕ್ಕೆ ಇಳಿದಿವೆ. 2024ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹಲವು ಹಿಂಡುಗಳನ್ನು ಒಟ್ಟಿಗೆ ಲೆಕ್ಕ ಹಾಕಿತು. ತೋಳ ಕಡಿಮೆ ಮಾಡುವುದು, ಮರಿಗಳನ್ನು ಕಾಯುವುದು, ಇದೆಲ್ಲ ನಡೆಯದೇ ಇದ್ದಿದ್ದರೆ ಈಗ ಉಳಿದಿರುವ ಕ್ಯಾರಿಬೂಗಳಲ್ಲಿ ಸುಮಾರು 1,500 ಇರುತ್ತಲೇ ಇರಲಿಲ್ಲ. ಬೇಗ ಫಲ ಕೊಟ್ಟಿದ್ದು ತೋಳದ ಸಂಖ್ಯೆ ಇಳಿಸಿದ್ದೇ. ಕೊಂದರೆ ಉಳಿಯುತ್ತವೆ, ನಿಜ. ಆದರೆ ಗುಂಡು ಸಮಯವನ್ನು ಮಾತ್ರ ಕೊಂಡುಕೊಡುತ್ತದೆ. ಕೊಲ್ಲುವುದನ್ನು ನಿಲ್ಲಿಸಿದರೆ ಸ್ವಲ್ಪ ವರ್ಷಗಳಲ್ಲೇ ತೋಳ ಮತ್ತೆ ತುಂಬಿಕೊಳ್ಳುತ್ತದೆ. ಒಂದು ಕಡೆ ಹೆಲಿಕಾಪ್ಟರ್ ಹಾರಿಸಿ, ಇನ್ನೊಂದು ಕಡೆ ಹಳೆ ಕಾಡಿಗೆ ಗರಗಸ ಹಾಕಿದರೆ, ಆ ತೋಳಗಳು ಸತ್ತಿದ್ದು ಯಾಕೆ? ನನ್ನ ಸಿಟ್ಟು ಇರುವುದು ಇಲ್ಲಿ.

ತೋಳ ಕಡಿಮೆ ಮಾಡುವುದು, ಕಾಡು ಉಳಿಸುವುದು, ಎರಡನ್ನೂ ಕೂಡಿಸಿ ನೋಡಿದ ಒಂದು ಜಾಗ ಬ್ರಿಟಿಷ್ ಕೊಲಂಬಿಯಾದಲ್ಲೇ ಇದೆ, ಕ್ಲಿನ್ಸೆಜಾ. ಪೀಸ್ ನದಿಯ ಸೀಮೆ. ಅಲ್ಲಿ ವೆಸ್ಟ್ ಮೊಬರ್ಲಿ ಮತ್ತು ಸಾಲ್ಟೊ ಎಂಬ ಎರಡು ಮೂಲನಿವಾಸಿ ಸಮುದಾಯಗಳಿವೆ. ಒಂದು ಕಾಲದಲ್ಲಿ ಕ್ಯಾರಿಬೂ ಹುಳಗಳ ಹಾಗೆ ಮುತ್ತಿಕೊಂಡಿರುತ್ತಿದ್ದವು ಅಂತ ಅವರ ಹಿರಿಯರು ಹೇಳುತ್ತಾರೆ. 1960ರ ದಶಕದ ಕೊನೆಗೆ ಬೆನೆಟ್ ಅಣೆಕಟ್ಟು ಬಂತು, ಕಣಿವೆ ಮುಳುಗಿತು, ಹಿಂಡುಗಳು ಓಡಾಡುವ ದಾರಿ ನೀರಿನಡಿ ಹೋಯಿತು. ಬೇಟೆಯಾಡುವ ಹಕ್ಕು ಒಪ್ಪಂದದಲ್ಲಿ ಬರೆದಿದ್ದರೂ 1970ರ ದಶಕದಲ್ಲಿ ಅವರೇ ಬೇಟೆ ನಿಲ್ಲಿಸಿದರು. ಯಾರೂ ಹೇಳಿ ಮಾಡಿಸಿದ್ದಲ್ಲ ಅದು. ಕೊನೆಗೆ 2013ರ ಹೊತ್ತಿಗೆ ಹಿಂಡಿನಲ್ಲಿ ಉಳಿದದ್ದು 38.

2014ರಿಂದ ಅವರು ಬಾಣಂತನ ಶುರು ಮಾಡಿದರು. ನಾನು ಬೇರೆ ಹೆಸರು ಹುಡುಕುವುದಿಲ್ಲ, ಅದು ಬಾಣಂತನವೇ. ಮಾರ್ಚ್ ಹೊತ್ತಿಗೆ ಗಬ್ಬದ ಹೆಣ್ಣುಗಳನ್ನು ಬಲೆಯಲ್ಲಿ ಹಿಡಿದು, ಬೆಟ್ಟದ ಮೇಲಿನ ಆವರಣಕ್ಕೆ ತರುತ್ತಾರೆ. ಸುತ್ತ ಎತ್ತರದ ದಪ್ಪ ಬಟ್ಟೆಯ ಬೇಲಿ, ಅದರಾಚೆ ವಿದ್ಯುತ್ ತಂತಿ. ಸಮುದಾಯದ ಕಾವಲುಗಾರರು ಅಲ್ಲೇ ಗುಡಿಸಲಲ್ಲಿದ್ದು ಕಾಯುತ್ತಾರೆ. ಮೊದಮೊದಲು ತಿನ್ನಲು ಕಲ್ಲುಹೂವೇ ಬೇಕು. ಅದನ್ನು ಜನ ಕಾಡಿಗೆ ಹೋಗಿ, ಕೈಯಲ್ಲಿ ಕಿತ್ತು, ಚೀಲ ತುಂಬಿ ತರುತ್ತಾರೆ. ಆವರಣದ ಹೊರಗೆ ತೋಳಗಳ ಸಂಖ್ಯೆಯನ್ನೂ ಇಳಿಸಿದರು, ಬಲೆಗಾರರಲ್ಲಿ ಅವರದೇ ಜನ ಇದ್ದರು. 2021ಕ್ಕೆ ಹಿಂಡು 101 ಆಯಿತು. ಹಿಂಡು ಬೆಳೆಯುತ್ತಿರುವಾಗಲೂ ಅವರು ಸುಮ್ಮನೆ ಕೂತಿರಲಿಲ್ಲ. ಕಾಡಿಲ್ಲದೆ ಇದು ನಿಲ್ಲುವುದಿಲ್ಲ ಅಂತ ಪಟ್ಟು ಹಿಡಿದು, 2020ರಲ್ಲಿ ಸರ್ಕಾರಗಳ ಜೊತೆ ಒಪ್ಪಂದ ಮಾಡಿಕೊಂಡು, ಸಾವಿರಾರು ಚದರ ಕಿಲೋಮೀಟರ್ ನೆಲವನ್ನು ಕೊಡಲಿಯಿಂದ ಉಳಿಸಿಕೊಂಡರು. ಹಳೆಯ ಲಾರಿ ರಸ್ತೆಗಳನ್ನು ಮುಚ್ಚಿ ಸಸಿ ನೆಡುತ್ತಿದ್ದಾರೆ.

ಮರಿಗಳು ತಾಯಿಯ ಜೊತೆ ಓಡುವಷ್ಟು ಬಲಿತ ಮೇಲೆ, ಬೇಸಿಗೆಯ ನಡುವೆ ಒಂದು ದಿನ, ಬೇಲಿಯ ಬಟ್ಟೆ ಸರಿಸುತ್ತಾರೆ. ಯಾರೂ ಅಟ್ಟುವುದಿಲ್ಲ. ತಾಯಂದಿರು ತಮ್ಮ ಹೊತ್ತಿಗೆ ಹೊರಬೀಳುತ್ತವೆ, ಮರಿಗಳು ಹಿಂದೆ. ಆಮೇಲೆ ಕಾವಲುಗಾರರಿಗೆ ಮತ್ತೆ ಚೀಲ ಹಿಡಿದು ಕಾಡಿಗೆ ಹೋಗುವ ಕೆಲಸ. ಮುಂದಿನ ಮಾರ್ಚಿಗೆ ಕಲ್ಲುಹೂವು ಕೂಡಿಡಬೇಕಲ್ಲ.

ನಮಸ್ಕಾರ.