ಚೀಟಿ ಮೂರನೇ ಮಹಡಿಗೆ ಹೋಯಿತು

ಕುಲಸಚಿವರೇ, ಪ್ರಾಚಾರ್ಯರೇ, ವಾರ್ಡನ್‌ಗಳೇ, ಗೇಟಿನ ಡ್ಯೂಟಿ ಬಿಟ್ಟು ಬಂದಿರುವ ಭದ್ರತಾ ಸಿಬ್ಬಂದಿಯವರೇ, ಎಲ್ಲರಿಗೂ ಶರಣು.

ಕ್ಯಾಂಪಸ್ಸಿನಲ್ಲಿ ಗುಂಡು ಹಾರಿದರೆ ಆಡಳಿತದವರು ಏನು ಮಾಡಬೇಕು ಅನ್ನೋದು ಇವತ್ತಿನ ವಿಷಯ. ಕಲಬುರಗಿಯಾಗ ಈ ಮಾತು ಯಾಕ್ರಿ ಅಂತ ಹಿಂದಿನ ಸಾಲಿನಲ್ಲಿ ಪಿಸುಗುಡುತ್ತಿದ್ದೀರಿ, ಕೇಳಿಸಿತು. ಗುಂಡು ಬೇಡ, ಮೆಸ್ಸಿನ ಸಿಲಿಂಡರ್ ಅಂದುಕೊಳ್ಳಿ. ಪ್ರಯೋಗಾಲಯದ ಬೆಂಕಿ ಅಂದುಕೊಳ್ಳಿ. ಅಪಾಯ ಯಾವುದೇ ಇರಲಿ, ಅದರ ಸುದ್ದಿ ಓಡಾಡುವುದು ಅದೇ ಆವಕ-ಜಾವಕದ ದಾರಿಯಲ್ಲಿ. ನನ್ನ ತಕರಾರು ಇರುವುದೇ ಆ ದಾರಿಯ ಬಗ್ಗೆ.

ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ, 2007ರ ಏಪ್ರಿಲ್ 16, ಸೋಮವಾರ. ನಿಮಗೆಲ್ಲ ಗೊತ್ತಿರುವ ಘಟನೆ, ಹಾಗಾಗಿ ಗಡಿಯಾರವನ್ನಷ್ಟೇ ನೋಡೋಣ. ಬೆಳಿಗ್ಗೆ 7:15ರ ಸುಮಾರಿಗೆ ಹಾಸ್ಟೆಲ್ಲಿನಲ್ಲಿ ಇಬ್ಬರಿಗೆ ಗುಂಡು. ಇದು ಪ್ರೇಮದ ಜಗಳ, ಹೊಡೆದವನು ಕ್ಯಾಂಪಸ್ ಬಿಟ್ಟು ಹೋಗಿದ್ದಾನೆ ಎಂದು ಪೊಲೀಸರು ಲೆಕ್ಕ ಹಾಕಿದರು. 8:25ರ ಹೊತ್ತಿಗೆ ಹಿರಿಯ ಅಧಿಕಾರಿಗಳ ಸಭೆ ಕೂಡಿತು. ಮೊದಲ ಇಮೇಲ್ ಹೋದದ್ದು 9:26ಕ್ಕೆ. 'ಗುಂಡಿನ ಘಟನೆ ನಡೆದಿದೆ, ಪೊಲೀಸರು ತನಿಖೆ ನಡೆಸಿದ್ದಾರೆ, ಜಾಗರೂಕರಾಗಿರಿ' ಎಂಬ ಧಾಟಿ ಅದರದ್ದು. ಇಬ್ಬರಿಗೆ ಗುಂಡು ಬಿದ್ದದ್ದಾಗಲಿ, ಹೊಡೆದವನು ಸಿಕ್ಕಿಲ್ಲ ಎಂಬುದಾಗಲಿ ಅದರಲ್ಲಿ ಇರಲಿಲ್ಲ. 9:40ರ ಸುಮಾರಿಗೆ ತರಗತಿಗಳ ಕಟ್ಟಡ ನಾರಿಸ್ ಹಾಲ್‌ನಲ್ಲಿ ಮತ್ತೆ ಗುಂಡು. ಹತ್ತು ಹನ್ನೊಂದು ನಿಮಿಷಗಳಲ್ಲಿ 30 ಜನ ಹೋದರು.

ಈಗ ಒಂದು ಚೀಟಿಯ ಕಥೆ. ಇದನ್ನು ಸ್ವಲ್ಪ ಎಳೆಯುತ್ತೇನೆ, ತಡೆದುಕೊಳ್ಳಿ. ಗುಂಡು ಹೊಡೆದಾತ ನಾರಿಸ್ ಹಾಲ್‌ನ ಮುಖ್ಯ ಬಾಗಿಲುಗಳಿಗೆ ಒಳಗಿನಿಂದ ಸರಪಳಿ ಬಿಗಿದು ಬೀಗ ಜಡಿದಿದ್ದ. ಅಲ್ಲೇ ಹತ್ತಿರದ ಬಾಗಿಲೊಂದಕ್ಕೆ ಬಾಂಬ್ ಬೆದರಿಕೆಯ ಚೀಟಿ ಅಂಟಿಸಿದ್ದ. ಅಧ್ಯಾಪಕಿಯೊಬ್ಬರ ಕಣ್ಣಿಗೆ ಬಿತ್ತು. ಇಂಥ ಚೀಟಿ ಕಂಡರೆ ಕೂಡಲೇ ಪೊಲೀಸರಿಗೆ ಫೋನ್ ಮಾಡಬೇಕು ಎಂದು ವಿಶ್ವವಿದ್ಯಾಲಯದ ಲಿಖಿತ ಸೂಚನೆಯೇ ಇತ್ತು. ಅವರು ಮಾಡಿದ್ದೇನು? ಚೀಟಿಯನ್ನು ಕಟ್ಟಡದ ಕೆಲಸಗಾರನ ಕೈಗೆ ಕೊಟ್ಟು ಮೂರನೇ ಮಹಡಿಯ ಡೀನ್ ಆಫೀಸಿಗೆ ಕಳಿಸಿದರು. ಅಲ್ಲಿದ್ದವರು ಪೊಲೀಸರಿಗೆ ಫೋನ್ ಮಾಡಲು ಹೊರಟಿದ್ದರು, ಅಷ್ಟರಲ್ಲಿ ಕೆಳಗೆ ಗುಂಡು ಶುರುವಾಯಿತು. ನಗಬೇಡಿ. ನಮ್ಮಲ್ಲಾಗಿದ್ದರೆ ಅದಕ್ಕೆ ಜಾವಕ ನಂಬರ್ ಬೀಳುತ್ತಿತ್ತು, 'ಸಾಹೇಬ್ರು ಮೀಟಿಂಗಿನಾಗ ಇದ್ದಾರ, ಕೂಡ್ರಿ' ಅನ್ನುತ್ತಿದ್ದರು.

ಆ ಅಧ್ಯಾಪಕಿಯನ್ನು ದೂರಬೇಡಿ. ಕಾಗದ ಕಂಡರೆ ಮೇಲಕ್ಕೆ ಕಳಿಸುವುದು ನೌಕರಿಯ ಅಭ್ಯಾಸ. ತಪ್ಪು ಇದ್ದದ್ದು ಇನ್ನೂ ಮೇಲೆ. ಕ್ಯಾಂಪಸ್ ಪೊಲೀಸರಿಗೆ ತಾವೇ ಎಚ್ಚರಿಕೆ ಕಳಿಸುವ ವ್ಯವಸ್ಥೆಯೇ ಇರಲಿಲ್ಲ. ಸಂದೇಶದ ಕೀಲಿ ಪ್ರಚಾರ ವಿಭಾಗದ ಕೈಯಲ್ಲಿ, ಒಪ್ಪಿಗೆ ಸಭೆಯ ಕೈಯಲ್ಲಿ. ಎಚ್ಚರಿಕೆಗೆ ಸಹಿ ಬೇಡ್ರಿ. ಇದನ್ನು ಇವತ್ತು ಮೂರು ಸಲ ಹೇಳುತ್ತೇನೆ, ಇದು ಮೊದಲನೆಯದು. ಕ್ಯಾಂಪಸ್ ಸುರಕ್ಷತೆಗೆಂದು ಇರುವ ಅಮೆರಿಕದ ಕ್ಲೆರಿ ಕಾಯ್ದೆ 1990ರದ್ದು. ಅಪಾಯ ಖಚಿತವಾದ ಕೂಡಲೇ ಎಚ್ಚರಿಸಬೇಕು ಎಂಬ ಮಾತು ಅದರಲ್ಲಿ ಸೇರಿದ್ದು 2008ರಲ್ಲಿ, ಈ ಸಾವುಗಳ ಮೇಲೆ. ಅಷ್ಟಾದರೂ 2023ರ ಫೆಬ್ರುವರಿ 13ರ ರಾತ್ರಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡು ಹಾರಿದಾಗ ಮೊದಲ ಕರೆ ಬಂದದ್ದು 8:18ಕ್ಕೆ, ಸಂದೇಶ ಹೋದದ್ದು 8:31ಕ್ಕೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ನಮ್ಮ ದೇಶದಲ್ಲಿ ಬಲ್ಕ್ ಎಸ್ಸೆಮ್ಮೆಸ್ ಕಳಿಸಬೇಕಾದರೆ ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಸಂದೇಶದ ಅಚ್ಚು) ಎರಡನ್ನೂ ಡಿಎಲ್‌ಟಿ ಎಂಬ ಟೆಲಿಕಾಂ ನೋಂದಣಿ ಪೋರ್ಟಲ್ಲಿನಲ್ಲಿ ಮೊದಲೇ ನೋಂದಾಯಿಸಿರಬೇಕು. ಆ ಕ್ಷಣದಲ್ಲಿ ಬರೆದ ವಾಕ್ಯ ಹೋಗುವುದೇ ಇಲ್ಲ, ಸಿಸ್ಟಮ್ ತಡೆಯುತ್ತದೆ. ನಿಮ್ಮ ಲಾಗಿನ್ನಿನಲ್ಲಿ ಏನಿದೆ? 'ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನಾಂಕ.' ಇಂದೇ ಎರಡು ಟೆಂಪ್ಲೇಟ್ ಹಾಕಿಸಿ: ಒಂದು 'ಒಳಗೇ ಇರಿ', ಇನ್ನೊಂದು 'ಕಟ್ಟಡ ಬಿಟ್ಟು ಹೊರಬನ್ನಿ'. ಸ್ಥಳದ ಹೆಸರಿಗೆ ಜಾಗ ಖಾಲಿ ಬಿಡಿ. ಕನ್ನಡದ ಎಸ್ಸೆಮ್ಮೆಸ್ಸಿಗೆ 70 ಅಕ್ಷರದ ಮಿತಿ, ಇಂಗ್ಲಿಷಿಗೆ 160. ಅದು ಗುಣಿತ, ಒತ್ತುಗಳನ್ನೂ ಬೇರೆ ಬೇರೆ ಎಣಿಸುತ್ತದೆ, ಒಂದು 'ಕ್ಷ' ಮೂರು. 'ಗ್ರಂಥಾಲಯದ ಬಳಿ ಗುಂಡಿನ ದಾಳಿ. ಒಳಗೇ ಇರಿ. ಬಾಗಿಲು ಹಾಕಿ.' ಇದು 49. ಏನು, ಎಲ್ಲಿ, ಏನು ಮಾಡಬೇಕು, ಮೂರೂ ಬಂದವು. 'ಮಾನ್ಯ ಕುಲಪತಿಗಳ ಆದೇಶದ ಮೇರೆಗೆ' ಅಂತ ಶುರು ಮಾಡಿದರೆ 27 ಅಕ್ಷರ ಆದೇಶಕ್ಕೇ ಹೋದವು. ಕಳಿಸುವ ಗುಂಡಿ ರಾತ್ರಿ ಪಾಳಿಯ ಭದ್ರತಾ ಮೇಲ್ವಿಚಾರಕರ ಫೋನಿನಲ್ಲಿರಲಿ. ಒಟಿಪಿ ಕುಲಸಚಿವರ ಮೊಬೈಲಿಗೆ ಬರುವ ಹಾಗಿದ್ದರೆ ಕೊಟ್ಟೂ ಕೊಡದಂತೆ; ಅವರು ಬೆಂಗಳೂರಿನ ರೈಲಿನಲ್ಲಿ ಮಲಗಿರುತ್ತಾರೆ. ಎಚ್ಚರಿಕೆಗೆ ಸಹಿ ಬೇಡ, ಒಟಿಪಿಯೂ ಸಹಿಯೇ.

ಇನ್ನು ನಂತರದ ಮಾತು. ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸಿ. ಗುಂಡೇಟು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ, ನಿಜ. ಆದರೆ ಪೊಲೀಸ್ ಕಾಗದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆಮೇಲೆ ಪಾಲಕರು ಬರುತ್ತಾರೆ. ಆಳಂದದಿಂದ, ಸುರಪುರದಿಂದ, ಔರಾದದಿಂದ ಜೀಪು ಮಾಡಿಕೊಂಡು ಬರುತ್ತಾರೆ. ವರ್ಜೀನಿಯಾದಲ್ಲಿ ಪಾಲಕರನ್ನು ಕೂರಿಸಿದ್ದ ಕಡೆ ಯಾರು ಏನು ಹೇಳಬೇಕು ಎಂಬುದೇ ಸರಿಯಾಗಿ ಗೊತ್ತುಪಾಡಾಗಿರಲಿಲ್ಲ. ಹಾಗಾಗಿ ಒಂದು ಕುಟುಂಬಕ್ಕೆ ಒಬ್ಬ ನೌಕರ, ಕೊನೆಯವರೆಗೂ ಅವನೇ. ಗುರುತು ಖಚಿತವಾಗದೆ ಹೆಸರು ಬಾಯಿಂದ ಬೀಳಬಾರದು. ನೀರು, ನೆರಳು, ಫೋನ್ ಚಾರ್ಜರ್ ಇರುವ ಕೋಣೆ, ಟಿವಿ ಕ್ಯಾಮೆರಾ ಬಾಗಿಲಾಚೆ. ಹೊರರಾಜ್ಯದ ಮಕ್ಕಳ ಮನೆಯ ನಂಬರು ಪ್ರವೇಶದ ದಿನ ಬರೆದದ್ದೇ ಇದ್ದರೆ ಕೆಲಸಕ್ಕೆ ಬಾರದು, ಪ್ರತಿ ಸೆಮಿಸ್ಟರ್ ಹೊಸದು ಮಾಡಿಸಿ. ಅಂದು ಸತ್ತವರಲ್ಲಿ ತಮಿಳುನಾಡು ಮೂಲದ ಪ್ರಾಧ್ಯಾಪಕರೊಬ್ಬರು, ಮುಂಬಯಿಯ ವಿದ್ಯಾರ್ಥಿನಿಯೊಬ್ಬಳು ಇದ್ದರು. ಅವರ ಹುಟ್ಟೂರು ಎಷ್ಟು ಸಮುದ್ರದಾಚೆ ಇತ್ತು ನೋಡಿ.

ಪರೀಕ್ಷೆ? ವರ್ಜೀನಿಯಾ ಟೆಕ್ಕಿನವರು ಆ ದಿನದವರೆಗಿನ ಅಂಕಗಳ ಮೇಲೆ ಗ್ರೇಡ್ ಪಡೆಯಲು ಅವಕಾಶ ಕೊಟ್ಟರು. ಮೌಲ್ಯಮಾಪನ ಕುಲಸಚಿವರು ನಿಯಮ ಎಲ್ಲಿದೆ ಅಂತ ಕೇಳುತ್ತಾರೆ. ಇಲ್ಲದಿದ್ದರೆ ಸಿಂಡಿಕೇಟಿನಲ್ಲಿ ಈಗಲೇ ಮಾಡಿಕೊಳ್ಳಿ, ಅವತ್ತು ಕೋರಂ ಕೂಡುವುದಿಲ್ಲ.

ಸ್ಮಾರಕದ ಬಗ್ಗೆ ಬಹಳ ಹೇಳುವುದಿತ್ತು. ಟೆಕ್ಸಾಸ್ ವಿಶ್ವವಿದ್ಯಾಲಯದ ಗೋಪುರದಿಂದ ಗುಂಡು ಹಾರಿದ್ದು 1966ರಲ್ಲಿ, ಸತ್ತವರ ಹೆಸರು ಕೆತ್ತಿದ ಕಲ್ಲು ನಿಂತದ್ದು 2016ರಲ್ಲಿ. ಅಷ್ಟೇ ಸಾಕು, ಯಾಕೆಂದರೆ ಸಂಘಟಕರು 'ಐದು ನಿಮಿಷ' ಅಂತ ಚೀಟಿ ಕಳಿಸಿದ್ದಾರೆ. ಮೂರು ಕೈ ದಾಟಿ ಬರುವಷ್ಟರಲ್ಲಿ ಎರಡು ನಿಮಿಷ ಹೋಗಿದೆ. ಈ ಚೀಟಿಗೂ ಸಹಿ ಇದೆ ನೋಡಿ! ಮೂರನೇ ಸಲ ಹೇಳಿದಂತಾಯಿತು.

ಉಳಿದದ್ದು ಬಾಗಿಲು. ನಾರಿಸ್ ಹಾಲ್‌ನ ತರಗತಿ ಬಾಗಿಲುಗಳಿಗೆ ಒಳಗಿನಿಂದ ಹಾಕುವ ಬೀಗವೇ ಇರಲಿಲ್ಲ. 205ನೇ ಕೋಣೆಯ ಮಕ್ಕಳು ನೆಲಕ್ಕೆ ಮಲಗಿ ಮೇಜನ್ನು ಬಾಗಿಲಿಗೆ ಒತ್ತಿ ಹಿಡಿದರು. ಅಲ್ಲಿ ಯಾರೂ ಸಾಯಲಿಲ್ಲ. ನಮ್ಮ ತರಗತಿಗಳಲ್ಲಿ ಚಿಲಕ ಹೊರಗೆ, ಒಳಗೆ ಬರೀ ಮೊಳೆಯ ತೂತು. ಇನ್ನು ಹೆಣ್ಣುಮಕ್ಕಳ ಹಾಸ್ಟೆಲ್: ರಾತ್ರಿ ಎಂಟಾದರೆ ಚಾನೆಲ್ ಗೇಟಿಗೆ ಸರಪಳಿ, ಕೀಲಿ ಒಬ್ಬರೇ ಕಾವಲಿನವರ ಸೊಂಟದಲ್ಲಿ. ವರ್ಜೀನಿಯಾದಲ್ಲಿ ಕೊಲೆಗಾರ ಬಿಗಿದ ಸರಪಳಿಯನ್ನು ಇಲ್ಲಿ ದಿನಾ ನಾವೇ ಬಿಗಿಯುತ್ತೇವೆ. ಕೀಲಿ ಇನ್ನೊಂದು ಮಾಡಿಸಿ, ಒಳಗಡೆ ಗಾಜಿನ ಪೆಟ್ಟಿಗೆಯಲ್ಲಿ ತೂಗಿಹಾಕಿ. ಹಿಂದಿನ ಬಾಗಿಲಿಗೆ ಅಡ್ಡ ಇಟ್ಟ ಹಳೇ ಮಂಚಗಳನ್ನು ಇವತ್ತು ಸಂಜೆಯೇ ತೆಗೆಸಿ.