ವರದಿಗಿಂತ ಮೊದಲು ಡಬ್ಬಿ ನೋಡಿ

ಎಲ್ಲರಿಗೂ ನಮಸ್ಕಾರ. ಮೆದುಳಿನ ಉಗ್ರ ಕ್ಯಾನ್ಸರ್ ಗಡ್ಡೆಯಾದ ಗ್ಲಿಯೋಬ್ಲಾಸ್ಟೋಮಾ ಬಗ್ಗೆ ಮಂಗಳೂರಿನ ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. ಸೂಕ್ಷ್ಮದರ್ಶಕದಡಿ ಒಂದೇ ಥರ ಕಾಣುವ ಎರಡು ಗಡ್ಡೆ. ಅದೇ ಶಸ್ತ್ರಚಿಕಿತ್ಸೆ, ಅದೇ 60 ಗ್ರೇ ವಿಕಿರಣ, ಅದೇ ಟೆಮೊಜೊಲೊಮೈಡ್ ಮಾತ್ರೆ. ಆದರೂ ಒಬ್ಬರಿಗೆ ಮದ್ದು ನಾಟುತ್ತದೆ, ಇನ್ನೊಬ್ಬರಿಗೆ ನಾಟುವುದಿಲ್ಲ. ಯಾಕೆ?

ಯಕ್ಷಗಾನದ ಊರಿನಲ್ಲಿ ಉದಾಹರಣೆಗೆ ದೂರ ಹೋಗಬೇಕಿಲ್ಲ. ಪ್ರಸಂಗದ ಪುಸ್ತಕ ಒಂದೇ. ಬೆಳಗಿನವರೆಗಿನ ಆಟವಾದರೆ ಭಾಗವತರು ಹೆಚ್ಚುಕಡಿಮೆ ಎಲ್ಲ ಪದ್ಯಗಳನ್ನೂ ಎತ್ತಿಕೊಳ್ಳುತ್ತಾರೆ. ಕಾಲಮಿತಿಯಾದರೆ ಕೆಲವು ಪದ್ಯಗಳ ಬದಿಗೆ ಪೆನ್ಸಿಲ್ ಗುರುತು, ಅಷ್ಟೂ ದಾಟಿಸಿಬಿಡುತ್ತಾರೆ. ಪುಸ್ತಕದಲ್ಲಿ ಒಂದಕ್ಷರ ಅಳಿಸಿಲ್ಲ. ಆ ವೇಷ ಮಾತ್ರ ಚೌಕಿಯಿಂದ ಹೊರಗೆ ಬರುವುದೇ ಇಲ್ಲ. ಪುಸ್ತಕ ಡಿಎನ್‌ಎ, ಅದರ ಅಕ್ಷರಗಳಲ್ಲೊಂದಾದ ಸೈಟೊಸಿನ್ ಮೇಲೆ ಕೂರುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಆ ಗುರುತು. (ಪದ್ಯ ಬಿಟ್ಟದ್ದಕ್ಕೆ ಜಗಳವಾಡುವವರು ಇಲ್ಲೂ ಇದ್ದೀರಿ, ಅದು ಚಹಾದ ಹೊತ್ತಿಗಿರಲಿ.)

ನಮಗೆ ಬೇಕಾದ ವೇಷ ಎಂಜಿಎಂಟಿ, ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನ್. ಟೆಮೊಜೊಲೊಮೈಡ್ ಡಿಎನ್‌ಎಯ ಇನ್ನೊಂದು ಅಕ್ಷರವಾದ ಗ್ವಾನಿನ್‌ಗೆ ಮೀಥೈಲ್ ಅಂಟಿಸಿ ಕೋಶವನ್ನು ಕೊಲ್ಲುತ್ತದೆ. ಎಂಜಿಎಂಟಿ ಪ್ರೋಟೀನ್ ಅದನ್ನು ಕಿತ್ತು ತನ್ನ ಮೇಲೆಳೆದುಕೊಂಡು ತಾನೂ ಮುಗಿಯುತ್ತದೆ. ಒಂದು ಗಾಯಕ್ಕೆ ಒಂದು ಅಣು ಖರ್ಚು. ಈ ಪ್ರೋಟೀನಿನ ಜೀನ್ ಅನ್ನು ಶುರುಮಾಡುವ ಭಾಗ, ಅಂದರೆ ಪ್ರಮೋಟರ್ ಮೇಲೆ ಗುರುತು ಬಿದ್ದಿದ್ದರೆ ರಿಪೇರಿಗೆ ಯಾರೂ ಬರುವುದಿಲ್ಲ. ಎರಡು ಕಡೆ ಮೀಥೈಲ್ ಬಂತು, ಗೊಂದಲ ಬೇಡ: ಒಂದು ಗಡ್ಡೆ ತಾನೇ ಹಾಕಿಕೊಂಡ ಗುರುತು, ಇನ್ನೊಂದು ಮದ್ದು ಮಾಡಿದ ಗಾಯ. 2005ರಲ್ಲಿ 206 ಗಡ್ಡೆಗಳನ್ನು ಪರೀಕ್ಷಿಸಿದ ಅಧ್ಯಯನ ಬಂತು. ವಿಕಿರಣದ ಜೊತೆ ಮಾತ್ರೆಯನ್ನೂ ಪಡೆದವರಲ್ಲಿ ಗುರುತಿದ್ದವರ ಮಧ್ಯಾಂಕ ಬದುಕು 21.7 ತಿಂಗಳು, ಇಲ್ಲದವರದ್ದು 12.7.

ಈ ಅಂಕೆ ನಂಬಿ, ಗುರುತಿನ ವರದಿ ನೋಡಿ ಚಿಕಿತ್ಸೆ ಬರೆಯುವ ಮೊದಲು, ಗಡ್ಡೆಯ ತುಂಡು ಹಾಕಿ ಲ್ಯಾಬಿಗೆ ಕಳಿಸಿದ ಡಬ್ಬಿ ನೋಡಿ. ಒಳಗಿರುವುದು ತುಂಡು ಕೆಡದಂತೆ ಕಾಯುವ ಶೇಕಡಾ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಹೌದೇ? ತುಂಡಿನ ಹತ್ತು ಪಟ್ಟಾದರೂ ಇದೆಯೇ? ಬಫರ್ ಇಲ್ಲದ ಫಾರ್ಮಲಿನ್ ಹುಳಿಯಾಗಿ ಡಿಎನ್‌ಎಯನ್ನು ತಿನ್ನುತ್ತದೆ. ಶನಿವಾರ ತೆಗೆದ ತುಂಡು ಸಾಲುರಜೆ ಮುಗಿಯುವವರೆಗೆ ಅದರಲ್ಲೇ ನೆನೆದರೆ ಡಿಎನ್‌ಎ ಚೂರುಚೂರು. ಮುಂದೆ ಪರೀಕ್ಷೆಯಲ್ಲಿ ಬಳಸುವ ಬೈಸಲ್ಫೈಟ್ ಎಂಬ ರಾಸಾಯನಿಕ ಅದನ್ನು ಇನ್ನಷ್ಟು ಮುರಿಯುತ್ತದೆ. ಅದರ ಕೆಲಸ, ಮೀಥೈಲ್ ಇಲ್ಲದ ಸೈಟೊಸಿನ್ ಅನ್ನು ಯುರಾಸಿಲ್ ಮಾಡುವುದು. ಇದ್ದದ್ದು ಹಾಗೇ ಉಳಿಯುತ್ತದೆ. ಪರಿವರ್ತನೆ ಅರ್ಧಂಬರ್ಧವಾದರೆ ಇಲ್ಲದ ಗುರುತು ಇದ್ದಂತೆ ಕಾಣುತ್ತದೆ. ತುಂಡಿನಲ್ಲಿ ಅಂಚಿನ ಆರೋಗ್ಯವಂತ ಮೆದುಳೇ ಹೆಚ್ಚಿದ್ದರೆ ಇದ್ದ ಗುರುತೂ ಮಸುಕಾಗುತ್ತದೆ. ನಡುವಿನ ಸತ್ತ ಭಾಗದಿಂದಂತೂ ಒಳ್ಳೆಯ ಡಿಎನ್‌ಎ ಸಿಗುವುದಿಲ್ಲ. ಹಾಗಾಗಿ ಪೆಥಾಲಜಿಯವರು ಸ್ಲೈಡಿನ ಮೇಲೆ ಗಡ್ಡೆ ದಟ್ಟವಾಗಿರುವ ಜಾಗಕ್ಕೆ ಸುತ್ತು ಹಾಕಿ, ಅಲ್ಲಿಂದಲೇ ಕೆರೆಸಬೇಕು.

ವರದಿಯಲ್ಲಿ ಬರೀ ‘ಪಾಸಿಟಿವ್’ ಎಂದಿದ್ದರೆ ವಾಪಸು ಕಳಿಸಿ. ಯಾವ ವಿಧಾನ, ಶೇಕಡಾ ಎಷ್ಟು, ಕೇಳಿ. ಗುರುತು ಶೇಕಡಾ ಎಷ್ಟಿದೆ ಎಂದು ಅಳೆಯುವ ಪೈರೋಸೀಕ್ವೆನ್ಸಿಂಗ್ ವಿಧಾನದಲ್ಲಿ ಅಂಕೆ ಶೇಕಡಾ 10ರ ಆಸುಪಾಸಿಗೆ ಬಂದರೆ ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಮತ್ತೆ ಡಬ್ಬಿಗೇ ಬರಬೇಕು.

ಚೀಟಿ ಬಂತು, ನನ್ನದೂ ಕಾಲಮಿತಿಯೇ. ಮಕ್ಕಳ ಗಡ್ಡೆಗಳಲ್ಲಿ ಕಾಣುವ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್) ರೂಪಾಂತರದ ಪದ್ಯ ಪೂರ್ತಿ ಬಿಟ್ಟೆ. ಐಡಿಎಚ್ ಎಂಬ ಜೀನ್‌ನ ರೂಪಾಂತರದ ಬಗ್ಗೆ ಒಂದೇ ಮಾತು: 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಬಳಿಕ, ಆ ರೂಪಾಂತರವಿರುವ ವಯಸ್ಕರ ಗಡ್ಡೆಯನ್ನು ಗ್ಲಿಯೋಬ್ಲಾಸ್ಟೋಮಾ ಎನ್ನುವ ಹಾಗಿಲ್ಲ. ಇನ್ನು, ಎಪ್ಪತ್ತು ದಾಟಿ ಹಾಸಿಗೆ ಹಿಡಿದವರಿಗೆ ಪೂರ್ಣ ಚಿಕಿತ್ಸೆ ತಡೆಯದು ಅನ್ನಿಸಿದಾಗ, ಗುರುತಿದ್ದರೆ ಮಾತ್ರೆಯೊಂದನ್ನೇ ಕೊಡಬಹುದು, ಇಲ್ಲದಿದ್ದರೆ ಕಡಿಮೆ ದಿನಗಳ ವಿಕಿರಣ. ಅಲ್ಲಿ ವರದಿ ತಪ್ಪಿದರೆ ಚಿಕಿತ್ಸೆಯೇ ತಪ್ಪಿತು.

ಪ್ರಶ್ನೆಗಳಿದ್ದರೆ ಕೇಳಿ. ಲ್ಯಾಬಿನವರು ಮೊದಲು.