ಮಜ್ಜೆಗೆ ಬಿದ್ದ ಪೆಟ್ಟು, ಕಬ್ಬಿಣ ಹೇಳುವ ಲೆಕ್ಕ

ನಮಸ್ಕಾರ. ಮುಂಬೈನ ಪರೇಲಿನಲ್ಲಿರುವ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ಸುತ್ತಮುತ್ತ ಓಡಾಡಿದವರಿಗೆ ಗೊತ್ತು, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕನ್ನಡ ಅಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. 'ಕರೆಂಟ್ ಕೊಡ್ತಾರಂತ್ರಿ, ರಕ್ತ ಕಡಿಮಿ ಆಗ್ತದಂತ' ಅನ್ನುವ ಭಯವೂ ಅದರ ಜೊತೆಗೇ. ಕರೆಂಟ್ ಅಂದ್ರೆ ವಿಕಿರಣ ಚಿಕಿತ್ಸೆ. ಭಯ ಸುಮ್ನೆ ಅಲ್ಲ. ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ, ವಿಕಿರಣಕ್ಕೆ ಬೇಗ ನಲುಗುವುದೂ ಅದೇ.

ಎಷ್ಟು ನಲುಗಿದೆ ಅಂತ ಅಳೆಯುವುದು ಹೇಗೆ? ಹಿಮೋಗ್ಲೋಬಿನ್ ನೋಡಿದರಾಯ್ತು ಅಂತೀರಾ? ಸಾಲದು. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಮಜ್ಜೆ ಇವತ್ತೇ ಕೆಲಸ ನಿಲ್ಲಿಸಿದರೂ ಹಳೆಯ ಕಣಗಳು ಓಡಾಡುತ್ತಲೇ ಇರುತ್ತವೆ, ರಿಪೋರ್ಟು ಕೆಲವು ದಿನ ಚೆನ್ನಾಗಿಯೇ ಕಾಣುತ್ತದೆ.

ಅದಕ್ಕೇ ವಿಜ್ಞಾನಿಗಳು ಕಬ್ಬಿಣದ ಬೆನ್ನು ಹತ್ತಿದರು. ಹೊಸ ಕೆಂಪು ಕಣಕ್ಕೆ ಕಬ್ಬಿಣ ಬೇಕೇ ಬೇಕು. ಕಬ್ಬಿಣ-59 ಅನ್ನುವ ವಿಕಿರಣಶೀಲ ಕಬ್ಬಿಣವನ್ನು ತೀರಾ ಕಡಿಮೆ ಪ್ರಮಾಣದಲ್ಲಿ ರಕ್ತಕ್ಕೆ ಸೇರಿಸುತ್ತಾರೆ. ದೇಹಕ್ಕೆ ಅದೂ ಒಂದೇ, ಮಾಮೂಲಿ ಕಬ್ಬಿಣವೂ ಒಂದೇ. ಆದರೆ ಅದು ಗಾಮಾ ಕಿರಣ ಸೂಸುತ್ತದಲ್ಲ, ಡಬ್ಬಾವಾಲಾಗಳು ಮುಚ್ಚಳದ ಮೇಲೆ ಬರೆಯುವ ಗುರುತಿನ ಹಾಗೆ, ಎಲ್ಲಿಗೆ ಹೋಯಿತು ಅಂತ ಹೊರಗಿನಿಂದಲೇ ತಿಳಿಯುತ್ತದೆ.

ಬೆನ್ನಿನ ಕೆಳಗೆ, ತ್ರಿಕಾಸ್ಥಿ ಅನ್ನುವ ಮೂಳೆಯ ಮೇಲೆ, ಗಾಮಾ ಕಿರಣ ಎಣಿಸುವ ಒಂದು ಕೌಂಟರ್ ಇಡುತ್ತಾರೆ. ಮಜ್ಜೆ ಚೆನ್ನಾಗಿದ್ದರೆ ಅಲ್ಲಿ ಎಣಿಕೆ ಮೊದಲ ದಿನವೇ ಏರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ, ಯಾಕಂದ್ರೆ ಕಬ್ಬಿಣ ಹೊತ್ತ ಹೊಸ ಕಣಗಳು ರಕ್ತಕ್ಕೆ ಹೊರಟಿರುತ್ತವೆ. ವಾರ, ಹತ್ತು ದಿನದಲ್ಲಿ ಅದರ ಬಹುಪಾಲು ಕೆಂಪು ಕಣಗಳಲ್ಲೇ ಸಿಗುತ್ತದೆ. ಮಜ್ಜೆ ಸೋತಿದ್ದರೆ? ಅಲ್ಲಿ ಏರಿಕೆಯೇ ಇಲ್ಲ, ಕಬ್ಬಿಣ ಯಕೃತ್ತಿಗೆ ಹೋಗಿ ಕೂರುತ್ತದೆ. 1950ರ ಹೊತ್ತಿಗೇ ಎಕ್ಸ್‌ರೇ ತಾಗಿಸಿದ ಇಲಿಗಳಲ್ಲಿ ಕೆಂಪು ಕಣ ಸೇರುವ ಕಬ್ಬಿಣ ಎಷ್ಟು ತಗ್ಗುತ್ತದೆ ಅಂತ ಅಳೆದಿದ್ದರು.

ಇನ್ನೊಂದು ದಾರಿ ಟೆಕ್ನೀಷಿಯಂ-99ಎಂ ಕೊಲಾಯ್ಡ್ ಸ್ಕ್ಯಾನ್, ಅಂದ್ರೆ ಟೆಕ್ನೀಷಿಯಂ ಅನ್ನುವ ವಿಕಿರಣಶೀಲ ಧಾತು ಅಂಟಿಸಿದ ಸೂಕ್ಷ್ಮ ಕಣಗಳನ್ನು ರಕ್ತಕ್ಕೆ ಬಿಟ್ಟು ಚಿತ್ರ ತೆಗೆಯುವುದು. ಅದರ ಅರ್ಧಾಯು, ಅಂದ್ರೆ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಬರೀ 6 ಗಂಟೆ. ಬೆನ್ನುಮೂಳೆಗೆ ಜಾಸ್ತಿ ವಿಕಿರಣ ಕೊಟ್ಟಿದ್ದರೆ, ಕೊಟ್ಟಷ್ಟು ಜಾಗ ಕತ್ತರಿಸಿ ತೆಗೆದಂತೆ ಖಾಲಿ ಚೌಕವಾಗಿ ಕಾಣುತ್ತದೆ. ಚಿತ್ರ ಚೆಂದ, ಆದರೆ ಅದು ತೋರಿಸುವುದು ಮಜ್ಜೆಯಲ್ಲಿರುವ ಕಸ ನುಂಗುವ ಕಣಗಳನ್ನು, ರಕ್ತ ತಯಾರಿಯನ್ನಲ್ಲ. ನನ್ನ ಮಟ್ಟಿಗೆ ಕಬ್ಬಿಣದ ಲೆಕ್ಕವೇ ಹೆಚ್ಚು ನಂಬಿಕಸ್ಥ.

ಹಾಗಂತ ಕಬ್ಬಿಣ-59 ಈಗ ರೋಗಿಗಳಿಗೆ ಅಪರೂಪ. ಅರ್ಧಾಯು ಸುಮಾರು 44 ದಿನ, ಮೇಲಿಂದ ಮೇಲೆ ರಕ್ತ ತೆಗೆಯಬೇಕು, ಯಾರಿಗಿದೆ ಅಷ್ಟು ವ್ಯವಧಾನ? ಸಾಮಾನ್ಯವಾಗಿ ಸಿಬಿಸಿಯನ್ನೇ, ಅಂದ್ರೆ ರಕ್ತದ ಎಲ್ಲ ಕಣಗಳನ್ನು ಎಣಿಸುವ ಪರೀಕ್ಷೆಯನ್ನೇ, ಮತ್ತೆ ಮತ್ತೆ ಮಾಡಿಸುತ್ತಾರೆ. ಆ ಚೀಟಿ ಕೈಗೆ ಬಂದಾಗ ಹಿಮೋಗ್ಲೋಬಿನ್ ಒಂದನ್ನೇ ನೋಡಬೇಡಿ. ಬಿಳಿ ಕಣ ಎಷ್ಟು, ಪ್ಲೇಟ್‌ಲೆಟ್ ಎಷ್ಟು ಅಂತ ಡಾಕ್ಟರನ್ನು ಕೇಳಿ. ಮೊದಲು ಇಳಿಯುವುದು ಅವೇ.